ಮಕ್ಕಳ ನಗೆಚಿತ್ರಗಳೂ ವಿಕಲಾಂಗರ ಮಾನವೂ

ನಮ್ಮ ಪತ್ರಿಕೆಯ ಹಳೆಯ ಚಂದಾದಾರರೂ ಶಾಲಾ ಉಪಾಧ್ಯಾಯರೂ ಆದ ಸದ್ಗೃಹಸ್ಥರೊಬ್ಬರು ಕಳೆದ ವಾರ ನಮಗೊಂದು ಪತ್ರವನ್ನು ಬರೆದಿರುವರು. ಅವರ ನಾಲ್ಕನೆಯ ತರಗತಿಯಲ್ಲಿ ಮಾತನಾಡುವಾಗ ಉಗ್ಗುವ ಬಾಲಕನೊಬ್ಬನಿರುವನು. ಸಹಪಾಠಿಗಳು ಅವನನ್ನು 'ಪೋರ್ಕಿ' ಎಂದು ಕರೆಯತೊಡಗಿದರಂತೆ. ಕನ್ನಡದಲ್ಲಿ ಈ ಶಬ್ದಕ್ಕಿರುವ ಅರ್ಥವನ್ನು ನಾವು ವಿವರಿಸಬೇಕಾಗಿಲ್ಲ. ಸಾಧುಸ್ವಭಾವದ ತಮ್ಮ ಮಗನನ್ನು ಪೋಲಿಯೆಂದು ಕರೆಯುತ್ತಿರುವರೆಂದು ಕುಪಿತರಾದ ತಂದೆಯವರು ಶಾಲೆಗೆ ಬಂದು ವಿಚಾರಿಸಲಾಗಿ, ಅದು ಕನ್ನಡದ ಮಾತೇ ಅಲ್ಲವೆಂದೂ, ಟೆಲಿವಿಷನ್ನಿನಲ್ಲಿ ಬರುವ ಅಮೇರಿಕೆಯ ಹಂದಿಮರಿಯೊಂದರ ಹೆಸರೆಂದೂ ತಿಳಿದುಬಂತು. ಆ ಹಂದಿಯೂ ಉಗ್ಗುವುದು. ಇದನ್ನು ಕೇಳಿ ತಂದೆಗೆ ಸಮಾಧಾನವಾಯಿತೋ ನೋವು ಇಮ್ಮಡಿಯಾಯಿತೋ, ಉಪಾಧ್ಯಾಯರು ಬರೆದಿಲ್ಲ. ಮಕ್ಕಳ ಕಾರ್ಟೂನುಗಳಿಂದ ವಿಕಲಾಂಗರಿಗೆ ಅವಮಾನವಾಗುವುದುಂಟೇ, ಅಥವಾ ಇದು ನಮ್ಮ ಕಾಲದ ಅತಿಸೂಕ್ಷ್ಮತೆಯೇ ಎಂದು ಮಾತ್ರ ಅವರು ನಮ್ಮನ್ನು ಕೇಳಿರುವರು.

ಪತ್ರವನ್ನು ಮೊದಲು ಓದಿದಾಗ ನಮಗೂ ನಗೆ ಬಂದಿತೆಂಬುದನ್ನು ಮರೆಮಾಚುವುದಿಲ್ಲ. ಬಣ್ಣದ ಗೆರೆಗಳಿಂದ ಮಾಡಿದ ಒಂದು ಹಂದಿ. ಅದರ ಮೇಲೆ ಸಂಪಾದಕೀಯವೇ? ನಾಡಿನಲ್ಲಿ ಬರೆಯುವುದಕ್ಕೆ ಬೇರೆ ವಿಷಯಗಳಿಲ್ಲವೇ? ಆದರೆ ಆ ಹಂದಿಯ ಪೂರ್ವವೃತ್ತಾಂತವನ್ನು ವಾಚಕರು ಒಮ್ಮೆ ಕೇಳಿಬಿಡಲಿ. ಆಮೇಲೆ ನಗುವುದಾದರೆ ನಗಬಹುದು.

ಪೋರ್ಕಿ ಎಂಬ ಈ ಪಾತ್ರವು 1935ರಲ್ಲಿ ವಾರ್ನರ್ ಬ್ರದರ್ಸ್ ಕಂಪೆನಿಯವರು ಹಂಚಿಕೆ ಮಾಡಿದ ಒಂದು ಕಿರುಚಿತ್ರದಲ್ಲಿ ಮೊದಲು ಕಾಣಿಸಿಕೊಂಡಿತು. ಶಾಲೆಯ ಸಮಾರಂಭದಲ್ಲಿ ಪದ್ಯ ಹೇಳಲು ಎದ್ದುನಿಂತ ಹಂದಿಮರಿಯು ಉಗ್ಗುತ್ತ ಉಗ್ಗುತ್ತ ಬೆವರುವುದು, ಅದೇ ಹಾಸ್ಯ. ಇದಕ್ಕೆ ಕಂಠದಾನ ಮಾಡಿದವನು ಜೋ ಡೌಗರ್ಟಿ ಎಂಬ ನಟ. ಅವನು ನಿಜವಾಗಿಯೂ ಉಗ್ಗುತ್ತಿದ್ದವನು. ಜನರಿಗೆ ಹಂದಿಯು ಬಹು ಮೆಚ್ಚುಗೆಯಾಯಿತು. ಆದರೆ ನಿಜವಾದ ಉಗ್ಗು ನಿರ್ದೇಶಕನ ಅಪ್ಪಣೆಗೆ ಕಾಯುವುದಿಲ್ಲವಷ್ಟೆ! ಮುದ್ರಣಕ್ಕೆ ಹಿಡಿಯುವ ವೇಳೆ ಬೆಳೆಯಿತು, ಖರ್ಚು ಏರಿತು. 1937ರಲ್ಲಿ ಡೌಗರ್ಟಿಯನ್ನು ಬಿಡಿಸಿ, ಉಗ್ಗಿಲ್ಲದ ಮೆಲ್ ಬ್ಲಾಂಕ್ ಎಂಬ ಅನುಕರಣಪಟುವಿಗೆ ಆ ಸ್ಥಾನವನ್ನು ಕೊಡಲಾಯಿತು. ಬ್ಲಾಂಕನು ಬೇಕಾದಷ್ಟೇ, ಬೇಕಾದಲ್ಲಿಯೇ ಉಗ್ಗಬಲ್ಲವನಾಗಿದ್ದನು. ಅವನ ಕೀರ್ತಿಯು ಲೋಕಪ್ರಸಿದ್ಧವಾಯಿತು. ಉಗ್ಗನ್ನು ಇಟ್ಟುಕೊಂಡು ಉಗ್ಗುವವನನ್ನು ಹೊರಗೆ ಕಳುಹಿದ ಈ ಸಂಗತಿಯನ್ನು ಓದಿದಮೇಲೆ ನಮ್ಮ ನಗೆಯು ಅಲ್ಲಿಗೇ ನಿಂತಿತು.

ಇನ್ನೂ ಒಂದು ಸಂಗತಿಯುಂಟು. ಪೋರ್ಕಿಯ ಹಾಸ್ಯದ ಮುಖ್ಯ ಯುಕ್ತಿಯೇನು? ಅದು ಒಂದು ಶಬ್ದವನ್ನು ಹಿಡಿದು ಹಲವು ಸಲ ತಡವರಿಸಿ, ಕೊನೆಗೆ ಆ ಶಬ್ದವನ್ನೇ ಬಿಟ್ಟುಕೊಟ್ಟು, ಸುಲಭವಾದ ಬೇರೊಂದು ಶಬ್ದವನ್ನು ಥಟ್ಟನೆ ಹೇಳಿಬಿಡುವುದು. ಪ್ರೇಕ್ಷಕರು ಗೊಳ್ಳೆಂದು ನಗುವರು. ಇದು ಚಿತ್ರಕಾರರ ಕಲ್ಪನೆಯೆಂದು ಬಹುಜನರು ತಿಳಿದಿರಬಹುದು. ಕಲ್ಪನೆಯಲ್ಲ. ಉಗ್ಗುವವರು ತಮ್ಮ ಕಷ್ಟವನ್ನು ಲೋಕಕ್ಕೆ ತೋರಗೊಡದಿರಲು ದಿನನಿತ್ಯ ಮಾಡುವ ಉಪಾಯವೇ ಇದು. ಬಾಯಿಗೆ ಬಾರದ ಶಬ್ದವನ್ನು ದೂರದಿಂದಲೇ ಕಂಡು, ವಾಕ್ಯವನ್ನು ಬೇರೆ ದಾರಿಗೆ ತಿರುಗಿಸುವರು. ಬೇಕಾದ ಊರಿನ ಹೆಸರು ಬಾಯಿಗೆ ಬಾರದೆ ಬೇರೆ ಊರಿಗೆ ಟಿಕೆಟು ಕೇಳುವವರೂ ಇರುವರೆಂದರೆ ನಂಬಬೇಕು. ಮಾನವನ್ನು ಉಳಿಸಿಕೊಳ್ಳಲು ಅವರು ಹಿಡಿದ ಮರೆಯನ್ನೇ ಹಂದಿಯು ಎಲ್ಲರೆದುರಿಗೆ ಎಳೆದುಹಾಕುವುದು.

ನಾವು ಪಾಠಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ಪಂಕ್ತಿಯಲ್ಲಿ ಇಂಥ ಹುಡುಗನೊಬ್ಬನಿದ್ದನು. ಅಮರಕೋಶವನ್ನು ಎಲ್ಲರೂ ಒಕ್ಕೊರಲಿನಿಂದ ಹೇಳುವಾಗ ಅವನ ಧ್ವನಿಯು ನಮ್ಮೆಲ್ಲರಿಗಿಂತ ಸ್ಫುಟವಾಗಿ ಕೇಳಿಬರುತ್ತಿತ್ತು. ಒಬ್ಬನನ್ನೇ ಎಬ್ಬಿಸಿ ನಿಲ್ಲಿಸಿದರೆ ಮೊದಲಕ್ಷರವೇ ಹೊರಡುತ್ತಿರಲಿಲ್ಲ. ಗುಂಪಿನಲ್ಲಿ ಬರುವುದು ಒಬ್ಬನಿಗೇ ಬಾರದೆಂದರೆ ಅದು ಕಳ್ಳತನವೆಂದು ನಮ್ಮೆಲ್ಲರ ತೀರ್ಮಾನ. ಗುರುಗಳೂ ಹಾಗೆಯೇ ಎಣಿಸಿದ್ದರು. ಕೂಡಿ ಹೇಳುವಾಗಲೂ ಹಾಡುವಾಗಲೂ ಉಗ್ಗು ಬಹುಮಟ್ಟಿಗೆ ಅಡಗುವುದೆಂಬುದು ವಾಕ್‌ಚಿಕಿತ್ಸಕರಿಗೆಲ್ಲ ತಿಳಿದ ವಿಷಯವೆಂದು ನಾವು ಎಷ್ಟೋ ವರ್ಷಗಳ ಮೇಲೆ ಓದಿ ತಿಳಿದೆವು. ಆಗ ನಾವು ಅವನನ್ನು ಅಣಕಿಸಿದವರಲ್ಲಿ ಹಿಂದೆ ಬಿದ್ದವರಲ್ಲ. ನಮಗೆ ಆಗ ಟೆಲಿವಿಷನ್ನಿರಲಿಲ್ಲ, ಪೋರ್ಕಿಯ ಹೆಸರೂ ತಿಳಿಯದು. ಆದ್ದರಿಂದ ಮಕ್ಕಳ ಕ್ರೌರ್ಯಕ್ಕೆಲ್ಲ ಕಾರ್ಟೂನೇ ಮೂಲವೆಂದು ನಾವು ಹೇಳಲಾರೆವು. ನಮ್ಮ ಅಣಕ ಪಾಠಶಾಲೆಯ ಜಗುಲಿಯನ್ನು ದಾಟುತ್ತಿರಲಿಲ್ಲ. ಕಾರ್ಟೂನು ಅದಕ್ಕೆ ಒಂದು ಹೆಸರನ್ನೂ ಮುಖವನ್ನೂ ಕೊಟ್ಟು, ಮಕ್ಕಳಿರುವ ಮನೆಮನೆಗೂ ಹಂಚುವುದು. ವ್ಯತ್ಯಾಸವಿರುವುದು ಅಲ್ಲಿ.

'ನಮ್ಮ ಉದ್ದೇಶ ಅವಮಾನವಲ್ಲ' ಎಂದು ಚಿತ್ರ ಮಾಡುವವರು ಹೇಳುವರು. ಬಹುಶಃ ನಿಜವೇ ಇರಬಹುದು. 1949ರಲ್ಲಿ ಅಮೇರಿಕೆಯಲ್ಲಿಯೇ ಹುಟ್ಟಿದ ಮಿಸ್ಟರ್ ಮಗೂ ಎಂಬ ಮುದುಕನ ಕಥೆಯು ಈ ಮಾತಿಗೆ ಒಳ್ಳೆಯ ನಿದರ್ಶನ. ಕಣ್ಣು ಮಂದವಾದ ಈ ಮುದುಕನು ಕರಡಿಯನ್ನು ಕಂಡು ತನ್ನ ಸೋದರಳಿಯನೆಂದು ಭ್ರಮಿಸುವನು. ಅವನನ್ನು ಕಲ್ಪಿಸಿದವರು ನಗಲು ಹೊರಟದ್ದು ಕಣ್ಣಿನ ದೋಷಕ್ಕಲ್ಲ, ತಾನು ಹೇಳಿದ್ದೇ ಸರಿಯೆನ್ನುವ ಹಳೆಯ ತಲೆಯ ಹಟಮಾರಿತನಕ್ಕೆ. ಬಹಳ ಸೊಗಸಾದ ಕಲ್ಪನೆ. (ಅಂಥ ಮುದುಕರು ನಮ್ಮ ಪುರಸಭೆಗಳಲ್ಲಿಯೂ ದುರ್ಲಭರಲ್ಲ.) ಆ ಮಾಲೆಯ ಎರಡು ಚಿತ್ರಗಳಿಗೆ ಆಸ್ಕರ್ ಪಾರಿತೋಷಕವೂ ದೊರೆಯಿತು. ಆದರೆ ವರ್ಷಗಳುರುಳಿದಂತೆ ಹಟಮಾರಿತನವು ಹಿಂದೆ ಸರಿದು ಕಣ್ಣೊಂದೇ ಉಳಿಯಿತು. ಮಕ್ಕಳಿಗಂತೂ ಮೊದಲಿನಿಂದಲೂ ಕಂಡದ್ದು ಕಣ್ಣೇ. 1997ರಲ್ಲಿ ಡಿಸ್ನಿ ಸಂಸ್ಥೆಯವರು ಈ ಮುದುಕನನ್ನು ನಟರಿಂದ ಆಡಿಸಿ ಚಲಚ್ಚಿತ್ರ ಮಾಡಹೊರಟಾಗ, ಆ ದೇಶದ ಅಂಧರ ರಾಷ್ಟ್ರೀಯ ಒಕ್ಕೂಟವು ನ್ಯೂ ಆರ್ಲಿಯನ್ಸಿನಲ್ಲಿ ಮಹಾಸಭೆ ಸೇರಿ ಪ್ರತಿಭಟನೆಯ ನಿರ್ಣಯವನ್ನು ಅಂಗೀಕರಿಸಿತು. ದೃಷ್ಟಿಯಿಲ್ಲದವನೆಂದರೆ ದಾರಿ ತಿಳಿಯದ, ತನಗೇನಾಗುತ್ತಿದೆಯೆಂದೂ ಅರಿಯದ ಪೆದ್ದನೆಂಬ ಭಾವನೆಯು ಮಕ್ಕಳಲ್ಲಿ ಬೇರೂರುವುದೆಂಬುದು ಅವರ ಅಳಲು. ಕೆಲಸ ಕೇಳಿಕೊಂಡು ಹೋದಾಗ ಎದುರಿಗೆ ಕುಳಿತ ಯಜಮಾನನು ಬಾಲ್ಯದಲ್ಲಿ ಮಗೂವನ್ನು ನೋಡಿ ಬೆಳೆದವನಾಗಿದ್ದರೆ ಅದು ಬರಿಯ ನಗೆಯ ಮಾತಾಗಿ ಉಳಿಯದಷ್ಟೆ. ಚಿತ್ರವು ಅದೇ ಡಿಸೆಂಬರಿನಲ್ಲಿ ಹೊರಬಂದಿತು. ಇದು ಅಂಧರ ಯಥಾರ್ಥ ಚಿತ್ರಣವಲ್ಲವೆಂಬ ಒಕ್ಕಣೆಯನ್ನು ಕೊನೆಗೆ ಅಂಟಿಸಿದ್ದರು. ಮಕ್ಕಳು ಚಿತ್ರ ಮುಗಿದಮೇಲೆ ಒಕ್ಕಣೆಗಳನ್ನು ಓದುತ್ತ ಕುಳಿತಿರುವರೇ?

ಗದಗಿನ ವೀರೇಶ್ವರ ಪುಣ್ಯಾಶ್ರಮದ ನೆರೆಯಲ್ಲಿ ಬೆಳೆದ ಮಗುವಿಗೆ ಮಗೂವಿನಿಂದ ಹೆಚ್ಚು ಅಪಾಯವಿಲ್ಲ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳೂ, ಕಣ್ಣಿಲ್ಲದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಎಷ್ಟು ಜನರಿಗೆ ಸಂಗೀತವಿದ್ಯೆಯನ್ನು ಧಾರೆಯೆರೆದರೆಂಬುದನ್ನು ಆ ಮಗು ಮನೆಯಲ್ಲಿಯೇ ಕೇಳಿ ತಿಳಿದಿರುವುದು. ಆದರೆ ಅಂಧರನ್ನು ಪರದೆಯ ಮೇಲೆ ಮಾತ್ರ ಕಂಡ ಮಗುವಿಗೆ ಪರದೆಯು ಹೇಳಿದ್ದೇ ವೇದವಾಕ್ಯ.

ಇದರಿಂದ, ಮಕ್ಕಳ ಕಥೆಗಳಲ್ಲಿ ವಿಕಲಾಂಗರು ಬರಲೇಕೂಡದೆಂದು ಯಾರಾದರೂ ತಿಳಿದರೆ ಅದು ಇನ್ನೊಂದು ಬಗೆಯ ಅನ್ಯಾಯ. 2003ರ 'ಫೈಂಡಿಂಗ್ ನೀಮೋ' ಚಿತ್ರದ ಮೀನಿನ ಮರಿಗೆ ಒಂದು ರೆಕ್ಕೆ ಹುಟ್ಟಿನಿಂದಲೇ ಚಿಕ್ಕದು. ಅಲ್ಲಿ ನಗೆಗೆ ಕೊರತೆಯಿಲ್ಲ. ಆದರೆ ನಾವು ನಗುವುದು ರೆಕ್ಕೆಗಲ್ಲ. ಮಗನಿಂದ ಏನೂ ಆಗದೆಂದು ಹೆದರಿ ಸಾಯುವ ತಂದೆಯ ಅತಿಯಾದ ಕಾಳಜಿಗೆ. ಇಂಥ ತಂದೆಗಳನ್ನು ನಾವೂ ಕಂಡಿರುವೆವು. ಅಮೇರಿಕೆಯ 'ಸೆಸಮಿ ಸ್ಟ್ರೀಟ್' ಎಂಬ ಮಕ್ಕಳ ಕಾರ್ಯಕ್ರಮದವರು 2017ರಲ್ಲಿ ಆಟಿಸಂ ಇರುವ ಜೂಲಿಯಾ ಎಂಬ ಬಾಲಿಕೆಯ ಬೊಂಬೆಯನ್ನು ಟೆಲಿವಿಷನ್ನಿಗೆ ತರುವಾಗ, ಬಲ್ಲವರನ್ನು ಮೊದಲೇ ಕೇಳಿ ತಿಳಿದುಕೊಂಡರು. ಬೊಂಬೆಯನ್ನು ಆಡಿಸಿದವರು ಸ್ವತಃ ಆಟಿಸಂ ಇರುವ ಮಗನ ತಾಯಿ. ಇದಕ್ಕೆ ವ್ಯತಿರಿಕ್ತವಾಗಿ, 2020ರಲ್ಲಿ ಹೊರಬಂದ 'ದಿ ವಿಚಸ್' ಎಂಬ ಮಕ್ಕಳ ಚಿತ್ರದಲ್ಲಿ ಮಾಟಗಾತಿಯು ಭಯಂಕರಳಾಗಿ ಕಾಣಲೆಂದು ಅವಳ ಕೈಬೆರಳುಗಳನ್ನು ಕಡಿಮೆ ಮಾಡಿ ತೋರಿಸಿದರು. ಹುಟ್ಟಿನಿಂದಲೇ ಅಂಥ ಕೈಯಿರುವ ಜನರು ಎದ್ದು ಕೇಳಿದಮೇಲೆ ಕಂಪೆನಿಯವರೂ ನಟಿಯೂ ಕ್ಷಮೆ ಬೇಡಿದರು. ಆ ಕಂಪೆನಿಯು ಪೋರ್ಕಿಯನ್ನು ಲೋಕಕ್ಕೆ ಹಂಚಿದ ವಾರ್ನರ್ ಬ್ರದರ್ಸ್ ಕಂಪೆನಿಯೇ. ಎಂಬತ್ತೈದು ವರ್ಷಗಳಾದಮೇಲೂ, ಚಿತ್ರವನ್ನು ಬರೆಯುವ ಮೊದಲು ಕೇಳಬೇಕಾದವರನ್ನು ಬರೆದಾದಮೇಲೆಯೇ ಕೇಳಿದಂತಾಯಿತು.

ಪರದೇಶದವರನ್ನಷ್ಟೇ ಹಳಿದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಮಂಥರೆಯ ಗೂನನ್ನು ಅವಳ ಬುದ್ಧಿಯ ಡೊಂಕಿಗೆ ಗುರುತಾಗಿಟ್ಟು ನಾವು ತಲೆತಲಾಂತರದಿಂದ ಮಕ್ಕಳಿಗೆ ಕಥೆ ಹೇಳಿರುವೆವು. 1988ರಲ್ಲಿ ದೂರದರ್ಶನದಲ್ಲಿ ಬಂದ ಮಹಾಭಾರತದ ಶಕುನಿಯು ಕುಂಟುತ್ತ ನಡೆದನು. ಇಂದು ನಮ್ಮ ಮಕ್ಕಳು ಶಕುನಿಯ ವೇಷ ಹಾಕಿದರೆ ಕುಂಟದೆ ಬಿಡರು. ಆದರೂ ಅದೇ ಭಾರತದಲ್ಲಿ ಎಂಟು ಕಡೆ ಡೊಂಕಾದ ಅಷ್ಟಾವಕ್ರನು ಜನಕನ ಆಸ್ಥಾನದಲ್ಲಿ ವಾದ ಗೆದ್ದ ಕಥೆಯೂ ಉಂಟು. ಅದನ್ನು ಹೇಳುವವರು ಕಡಿಮೆ. ಇನ್ನು ನಮ್ಮ ಮಾತು: ಮೂಡಿದ ಅರ್ಜಿಗಳಿಗೆ ಉತ್ತರ ಕೊಡದ ಅಧಿಕಾರಿಗಳನ್ನು ಈ ಅಂಕಣದಲ್ಲಿಯೇ 'ಕಿವುಡರು', 'ಕುರುಡರು' ಎಂದು ನಾವು ಎಷ್ಟು ಸಲ ಬರೆದಿಲ್ಲ! ಕಿವುಡರು ಯಾವ ಅರ್ಜಿಯನ್ನೂ ಮೂಲೆಗೆ ಸೇರಿಸಿದವರಲ್ಲ. ಇನ್ನು ಮುಂದೆ ಅಧಿಕಾರಿಗಳ ಸೋಮಾರಿತನವನ್ನು ಸೋಮಾರಿತನವೆಂದೇ ಬರೆಯುವೆವು.

ಕಾಯಿದೆಯು ಏನು ಹೇಳುವುದು? 2016ರ ವಿಕಲಾಂಗರ ಹಕ್ಕುಗಳ ಅಧಿನಿಯಮದ 92ನೆಯ ಕಲಮಿನ ಪ್ರಕಾರ, ವಿಕಲಾಂಗರನ್ನು ಸಾರ್ವಜನಿಕರ ಕಣ್ಣೆದುರಿಗೆ ಅವಮಾನಿಸಬೇಕೆಂದು ಬುದ್ಧಿಪೂರ್ವಕವಾಗಿ ನಿಂದಿಸಿದವನಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಐದು ವರ್ಷದವರೆಗಿನ ಸೆರೆವಾಸವೂ ಜುಲ್ಮಾನೆಯೂ ಉಂಟು. ಆ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಮಾತಿನ ವೈಕಲ್ಯವೂ ಅದರಲ್ಲಿ ಸೇರಿದೆಯಾದರೂ ಅದರ ವಿವರಣೆಯಲ್ಲಿ ಉಗ್ಗಿನ ಹೆಸರಿಲ್ಲ. ಪ್ರಮಾಣಪತ್ರ ಕೊಡುವವರು ಹಿಂದೆಮುಂದೆ ನೋಡಬಹುದು. ನಗುವವರು ಪ್ರಮಾಣಪತ್ರವನ್ನು ಕೇಳುವುದಿಲ್ಲ. ಮೇಲಾಗಿ, ಕಾಯಿದೆಯು ಕೆಟ್ಟ ಉದ್ದೇಶವನ್ನು ಹುಡುಕುವುದು. ಕಾರ್ಟೂನಿನಲ್ಲಿ ಅದು ಬಹುಧಾ ಸಿಕ್ಕುವುದೇ ಇಲ್ಲ.

2023ರಲ್ಲಿ ಬಂದ ಹಿಂದೀ ಚಿತ್ರವೊಂದರಲ್ಲಿ ಉಗ್ಗುವವನನ್ನು ಸಿಕ್ಕಿಕೊಂಡ ಕ್ಯಾಸೆಟ್ಟಿಗೆ ಹೋಲಿಸಿದ್ದರೆಂದು ನಿಪುಣ್ ಮಲ್ಹೋತ್ರ ಎಂಬವರು ಸುಪ್ರೀಮ್ ಕೋರ್ಟಿನವರೆಗೆ ಹೋದರು. 2024ನೆಯ ಜುಲೈ 8ರಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರೂ ನ್ಯಾಯಮೂರ್ತಿ ಪರ್ಡೀವಾಲರೂ ಕೊಟ್ಟ ತೀರ್ಪನ್ನು ಉಪಾಧ್ಯಾಯರೆಲ್ಲರೂ ಓದುವುದು ಯುಕ್ತ. ಚಿತ್ರವನ್ನು ಅವರು ತಡೆಯಲಿಲ್ಲ. ವೈಕಲ್ಯವುಳ್ಳವರ ಬಾಳನ್ನು ಅರಿತುಕೊಳ್ಳಲು ನೆರವಾಗುವ ಹಾಸ್ಯ ಒಂದು, ಅವರನ್ನು ಕೀಳುಮಾಡುವ ಹಾಸ್ಯ ಮತ್ತೊಂದು ಎಂದು ಭೇದವನ್ನು ತೋರಿಸಿ, ವಿಕಲಾಂಗರನ್ನು ಚಿತ್ರಿಸುವವರು ಅವರನ್ನು ಕೂಡಿಕೊಂಡೇ ಚಿತ್ರಿಸತಕ್ಕದ್ದೆಂದು ಹೇಳಿದರು. ನಮಗೆ ಇದು ಸರ್ವಥಾ ಸಮ್ಮತ. ಹಳೆಯ ಪೋರ್ಕಿಯನ್ನು ಸುಟ್ಟುಹಾಕಬೇಕೆಂದಾಗಲಿ, ಪ್ರತಿಯೊಂದು ಬೊಂಬೆಯ ಬಾಯಿಗೂ ಸೆನ್ಸಾರಿನ ಬೀಗ ಜಡಿಯಬೇಕೆಂದಾಗಲಿ ನಾವು ಹೇಳುವವರಲ್ಲ. ಬೀಗದ ಕೈ ಇಂದು ಒಬ್ಬರಲ್ಲಿದ್ದರೆ ನಾಳೆ ಇನ್ನೊಬ್ಬರಲ್ಲಿರುವುದು. ಆದರೆ 2011ರ ಜನಗಣತಿಯಂತೆ ಈ ದೇಶದಲ್ಲಿ ವಿಕಲಾಂಗರು 2.68 ಕೋಟಿ, ಕರ್ನಾಟಕದಲ್ಲಿಯೇ 13.24 ಲಕ್ಷ. ಮಕ್ಕಳಿಗಾಗಿ ಚಿತ್ರ ಬರೆಯುವವರಿಗೂ, ಪರದೇಶದ ಚಿತ್ರಗಳಿಗೆ ಕನ್ನಡದ ಮಾತು ಕೂಡಿಸುವವರಿಗೂ, ಇಷ್ಟು ಜನರಲ್ಲಿ ಒಬ್ಬರನ್ನು ಕರೆದು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಕೇಳುವುದು ದುಸ್ಸಾಧ್ಯವೇ? ಡೌಗರ್ಟಿಗೆ ತಪ್ಪಿದ ಕುರ್ಚಿಯನ್ನು ಇನ್ನಾದರೂ ಅವನಂಥವರಿಗೆ ಕೊಡಲಿ.

ಪತ್ರ ಬರೆದ ಉಪಾಧ್ಯಾಯರಿಗೆ ನಮ್ಮ ಅರಿಕೆಯಿಷ್ಟೆ. ಅವಮಾನವಾಗುವುದುಂಟು, ತಂದೆಯವರ ನೋವು ಅತಿಸೂಕ್ಷ್ಮತೆಯಲ್ಲ. ಟೆಲಿವಿಷನ್ನನ್ನು ದೂಷಿಸುವುದರಲ್ಲಿ ಕಾಲಹರಣ ಬೇಡ. ಬಾಲ್ಯದಲ್ಲಿ ಉಗ್ಗುವ ಮಕ್ಕಳಲ್ಲಿ ಬಹುಪಾಲಿನವರಿಗೆ ಅದು ತಾನಾಗಿಯೇ ಹೋಗುವುದು, ಉಳಿದವರಿಗೆ ಅಭ್ಯಾಸದಿಂದ ಹಗುರಾಗುವುದು. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿಯೇ ಇರುವುದು. ತಂದೆಯವರು ಮಗನನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಲಿ. ತರಗತಿಯಲ್ಲಿ ಅವನು ಉತ್ತರ ಹೇಳುವಾಗ ಅವನ ವಾಕ್ಯವನ್ನು ಬೇರೆಯವರು ಮುಗಿಸಕೂಡದು, ಉಪಾಧ್ಯಾಯರೂ ಮುಗಿಸಕೂಡದು. ಅವನಿಗೆ ಬೇಕಾದಷ್ಟು ಹೊತ್ತು ಹಿಡಿಯಲಿ. ಬೆಳಿಗ್ಗೆ ಪ್ರಾರ್ಥನೆಯ ಪದ್ಯವನ್ನು ಎಲ್ಲರೂ ಕೂಡಿ ಹೇಳುವಾಗ ಅವನನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಲಿ. ಅವನ ಧ್ವನಿಯನ್ನು ಸಹಪಾಠಿಗಳು ಒಮ್ಮೆ ಕೇಳಲಿ.