ಒಂದಕ್ಷರದ ರೋಗ, ಕೋಟಿಗಳ ಮದ್ದು

ರಕ್ತದ ಕೆಂಪುಕಣ ದುಂಡಗೆ, ಮೆತ್ತಗೆ ಇರುವಂಥದು. ಕೂದಲೆಳೆಗಿಂತ ಕಿರಿದಾದ ನಾಳಗಳಲ್ಲಿಯೂ ಅದು ಬಳುಕಿ ಸಾಗುತ್ತದೆ. ಆದರೆ ಕೆಲವರಲ್ಲಿ ಅದೇ ಕಣವು ಕುಡುಗೋಲಿನಂತೆ ಬಾಗಿ ಬಿಗಿಯುತ್ತದೆ. ನಾಳಗಳಲ್ಲಿ ಸಿಕ್ಕಿಕೊಂಡು ರಕ್ತದ ಹರಿವನ್ನೇ ತಡೆಯುತ್ತದೆ. ಆಗ ಎಲುಬನ್ನು ಹಿಂಡುವಂತಹ ನೋವು, ರಕ್ತಹೀನತೆ, ಎಷ್ಟೋ ಮಂದಿಗೆ ಅಕಾಲ ಮರಣ. ಸಿಕಲ್ ಸೆಲ್ ಅನೀಮಿಯಾ ಎಂಬ ಈ ರೋಗವು ಕೊಡಗು, ಮೈಸೂರು, ಚಾಮರಾಜನಗರ ಜಿಲ್ಲೆಗಳ ಗಿರಿಜನರ ಹಾಡಿಗಳಿಗೆ ಅಪರಿಚಿತವಲ್ಲ. ಇದಕ್ಕೆ ಜೀವಕೋಶ ವಿಜ್ಞಾನವು ಕಂಡುಕೊಂಡಿರುವ ಹೊಸ ಚಿಕಿತ್ಸೆಯ ಕುರಿತು ಈ ವಾರ ಓದುಗರೊಡನೆ ಆಲೋಚಿಸಬಯಸುತ್ತೇವೆ.

ರೋಗದ ಬೇರು ಹಿಮೋಗ್ಲೋಬಿನ್ ಎಂಬ ಅಣುವಿನಲ್ಲಿದೆಯೆಂದು 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಕೆಲವೇ ವರ್ಷಗಳಲ್ಲಿ ವರ್ನನ್ ಇಂಗ್ರಾಮ್ ಅವರು ಆ ಅಣುವಿನ ಸರಪಣಿಯಲ್ಲಿ ಒಂದೇ ಒಂದು ಕೊಂಡಿ ಬದಲಾಗಿರುವುದನ್ನು ಕಂಡುಹಿಡಿದರು. ವಂಶವಾಹಿಯ ಬರಹದಲ್ಲಿ ಒಂದಕ್ಷರ ತಪ್ಪಿದೆ. ಅದರ ಫಲವೇ ಇಷ್ಟೆಲ್ಲ ಯಾತನೆ.

ವಂಶವಾಹಿಯನ್ನು ಬೇಕಾದೆಡೆಯಲ್ಲಿ ಕತ್ತರಿಸಬಲ್ಲ ಕ್ರಿಸ್ಪರ್ ಎಂಬ ಉಪಕರಣವನ್ನು 2012ರಲ್ಲಿ ಲೋಕಕ್ಕೆ ತೋರಿಸಿದವರು ಎಮಾನ್ಯುಯೆಲ್ ಶಾರ್ಪಾಂತಿಯೇ ಮತ್ತು ಜೆನಿಫರ್ ಡೌಡ್ನಾ. 2020ರ ನೊಬೆಲ್ ಪಾರಿತೋಷಕ ಅವರದಾಯಿತು. ಗರ್ಭದಲ್ಲಿರುವ ಶಿಶುವಿನ ರಕ್ತದಲ್ಲಿ ಬೇರೊಂದು ಬಗೆಯ ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಕೆಲವು ತಿಂಗಳಲ್ಲಿ ದೇಹವು ಅದಕ್ಕೆ ಬಹುಮಟ್ಟಿಗೆ ಬೀಗ ಹಾಕುತ್ತದೆ. ಹೊಸ ಚಿಕಿತ್ಸೆಯು ತಪ್ಪಿದ ಅಕ್ಷರವನ್ನು ತಿದ್ದುವುದಿಲ್ಲ, ಈ ಬೀಗವನ್ನು ತೆಗೆಯುತ್ತದೆ. ರಕ್ತ ಹುಟ್ಟಿಸುವ ಆಕರಕೋಶಗಳನ್ನು ರೋಗಿಯಿಂದಲೇ ಪಡೆದು, ಕ್ರಿಸ್ಪರ್‌ನಿಂದ ಮಾರ್ಪಡಿಸಿ, ಅವನ ದೇಹಕ್ಕೇ ಮರಳಿಸುತ್ತಾರೆ. ನಡುವೆ ಕಠಿಣವಾದ ಕೀಮೋಥೆರಪಿಯನ್ನೂ ಆತ ಸಹಿಸಬೇಕು. 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಇದಕ್ಕೆ ಅನುಮತಿ ನೀಡಿದವು. ಅನುಮತಿಯ ವೇಳೆಗೆ ಸಾಕಷ್ಟು ಕಾಲ ಗಮನಿಸಲಾಗಿದ್ದ 31 ಮಂದಿಯಲ್ಲಿ 29 ಮಂದಿ ಕನಿಷ್ಠ ಒಂದು ವರ್ಷ ತೀವ್ರ ನೋವಿನ ಬಾಧೆಯಿಲ್ಲದೆ ಬದುಕಿದ್ದರು.

ಇದು ದೇವರಿಗೆ ಕೃತಜ್ಞತೆ ಸಲ್ಲಿಸಬೇಕಾದ ಸಂಗತಿ. ಗಾಯಾಳುವಿನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಸುರಿದ ಸಮಾರಿತನ ಕೈಯೇ ಪ್ರಯೋಗಶಾಲೆಯಲ್ಲಿಯೂ ದುಡಿಯುತ್ತಿದೆಯೆಂದು ನಾವು ನಂಬುತ್ತೇವೆ. 2008ರಲ್ಲಿ ವ್ಯಾಟಿಕನ್ ಪ್ರಕಟಿಸಿದ ‘ಡಿಗ್ನಿತಾಸ್ ಪರ್ಸೋನೆ’ ಎಂಬ ಬೋಧನಾಪತ್ರವು, ರೋಗಿಯ ದೇಹಕೋಶಗಳಿಗೆ ಸೀಮಿತವಾದ ಇಂತಹ ಚಿಕಿತ್ಸೆಯನ್ನು ತಾತ್ವಿಕವಾಗಿ ಒಪ್ಪುತ್ತದೆ. ಆದರೆ ಮುಂದಿನ ಪೀಳಿಗೆಗೆ ಹರಿದುಹೋಗುವ ಮಾರ್ಪಾಟನ್ನು ಒಪ್ಪುವುದಿಲ್ಲ. 2018ರಲ್ಲಿ ಚೀನಾದ ಹೆ ಜಿಯಾನ್‌ಕುಯಿ ಇದೇ ಕ್ರಿಸ್ಪರ್‌ನಿಂದ ಭ್ರೂಣಗಳನ್ನು ಮಾರ್ಪಡಿಸಿ, ಅವಳಿ ಹೆಣ್ಣುಮಕ್ಕಳು ಹುಟ್ಟಿದರೆಂದು ಸಾರಿದಾಗ ಲೋಕದ ವಿಜ್ಞಾನಿಗಳೇ ಬೆಚ್ಚಿಬಿದ್ದರು. ಮರುವರ್ಷ ಅಲ್ಲಿನ ನ್ಯಾಯಾಲಯ ಆತನಿಗೆ 3 ವರ್ಷಗಳ ಸೆರೆವಾಸ ವಿಧಿಸಿತು.

ರೋಗಿಷ್ಠ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿಯು, ಮುಂದಿನ ಮಗುವನ್ನಾದರೂ ಭ್ರೂಣದಲ್ಲೇ ಸರಿಪಡಿಸಬಾರದೇಕೆ ಎಂದು ಕೇಳಿಯಾಳು. ಈ ಪ್ರಶ್ನೆ ಹಗುರವಾದುದಲ್ಲ. ಅವಳ ಕಣ್ಣೀರಿನ ಮುಂದೆ ತರ್ಕದ ಗರ್ವ ಸಲ್ಲದು. ಆದರೂ ಒಂದು ಭೇದವನ್ನು ಮರೆಯಲಾಗದು. ಚಿಕಿತ್ಸೆಯು ಎದುರಿಗಿರುವ ವ್ಯಕ್ತಿಯ ಸೇವೆ ಮಾಡುತ್ತದೆ. ಆತನ ಸಮ್ಮತಿಯನ್ನು ಕೇಳುತ್ತದೆ. ಭ್ರೂಣದ ಮಾರ್ಪಾಟಾದರೋ ಹಲವು ಭ್ರೂಣಗಳನ್ನು ಪ್ರಯೋಗಕ್ಕೆ ಬಲಿಕೊಟ್ಟು, ಇನ್ನೂ ಹುಟ್ಟದವರ ಮೇಲೂ ನಮ್ಮ ತಪ್ಪುಗಳನ್ನು ಹೇರಬಲ್ಲದು. ಮಗುವು ನಾವು ಸ್ವೀಕರಿಸುವ ವರ, ತಯಾರಿಸುವ ವಸ್ತುವಲ್ಲ. ವ್ಯಕ್ತಿಯೇ ಗುರಿ, ಅವನನ್ನು ಸಾಧನವಾಗಿಸುವ ಜ್ಞಾನ ಎಷ್ಟೇ ಸೂಕ್ಷ್ಮವಾಗಿದ್ದರೂ ವಿವೇಕವಲ್ಲ.

ಮತ್ತೊಂದು ಪ್ರಶ್ನೆ ನ್ಯಾಯದ್ದು. ಅಮೆರಿಕದಲ್ಲಿ ಈ ಚಿಕಿತ್ಸೆಗೆ ನಿಗದಿಯಾದ ಬೆಲೆ 22 ಲಕ್ಷ ಡಾಲರ್. ನಮ್ಮ ಲೆಕ್ಕದಲ್ಲಿ 18 ಕೋಟಿ ರೂಪಾಯಿಗೂ ಮಿಗಿಲು. ರೋಗ ಹೆಚ್ಚಾಗಿರುವುದು ಆಫ್ರಿಕದ ಬಡವರಲ್ಲಿ, ನಮ್ಮ ಕಾಡಂಚಿನ ಕೂಲಿಕಾರರಲ್ಲಿ. ಮದ್ದು ಇರುವುದು ಒಂದೆಡೆ, ನೋವು ಇರುವುದು ಇನ್ನೊಂದೆಡೆ. ಅಗ್ಗದಲ್ಲಿ ಇಂತಹ ಚಿಕಿತ್ಸೆ ರೂಪಿಸಲು ದೆಹಲಿಯ ವಿಜ್ಞಾನಿಗಳು ಶ್ರಮಿಸುತ್ತಿರುವುದು ಆಶಾದಾಯಕ. 2047ರೊಳಗೆ ಈ ರೋಗವನ್ನು ನಿರ್ಮೂಲ ಮಾಡಲು 2023ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನವು 7 ಕೋಟಿ ಜನರ ರಕ್ತಪರೀಕ್ಷೆಯ ಗುರಿ ಹೊಂದಿದೆ. ಅದರಲ್ಲಿ ಕರ್ನಾಟಕವೂ ಸೇರಿದೆ.

ಕೋಟಿಗಳ ಮದ್ದು ಬರುವವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ತಪ್ಪಿದ ವಂಶವಾಹಿಯನ್ನು ಒಬ್ಬ ಪೋಷಕರಿಂದ ಮಾತ್ರ ಪಡೆದವರು ಸಾಮಾನ್ಯವಾಗಿ ಆರೋಗ್ಯವಂತರೇ. ಅಂತಹ ಇಬ್ಬರು ಮದುವೆಯಾದರೆ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ರೋಗದ ಸಂಭವ. ಸರಳ ರಕ್ತಪರೀಕ್ಷೆಯಿಂದ ಇದನ್ನು ಅರಿಯಬಹುದು. ಮದುವೆಯ ಮಾತುಕತೆಯಲ್ಲಿ ಮನೆಯ ಕಾಯಿಲೆಯನ್ನು ಮುಚ್ಚಿಡುವುದನ್ನೂ, ಗಾಳಿಮಾತು ಕೇಳಿಯೇ ಸಂಬಂಧ ಮುರಿಯುವುದನ್ನೂ ಗುರುಗಳಾದ ನಾವು ಕಂಡಿದ್ದೇವೆ. ಎರಡೂ ಸಲ್ಲದು. ಪರೀಕ್ಷೆ ಮಾಡಿಸಿರಿ, ಸತ್ಯ ನುಡಿಯಿರಿ, ವಾಹಕರನ್ನು ಕಳಂಕಿತರೆಂದು ಕಾಣದಿರಿ. ಗರ್ಭದ ಕೂಸಿಗೆ ರೋಗವಿದೆಯೆಂದು ತಿಳಿದಾಗ ಆ ತಿಳಿವು ಕೂಸನ್ನು ಅಳಿಸುವ ಆಯುಧವಾಗದಿರಲಿ. ಹುಟ್ಟಿದಂದಿನಿಂದಲೇ ಆರೈಕೆಗೆ ಸಿದ್ಧರಾಗುವ ಕರೆಯಾಗಲಿ.

ವಂಶವಾಹಿಯಲ್ಲಿ ತಪ್ಪಿದ ಅಕ್ಷರವು ದೇಹದ ಬರಹದಲ್ಲಿದೆಯೇ ಹೊರತು ಮನುಷ್ಯನ ಬೆಲೆಯಲ್ಲಿಲ್ಲ. ಇದನ್ನು ಮೊದಲು ನಮ್ಮ ಮನೆಗಳಲ್ಲಿ ಒಪ್ಪಿಕೊಳ್ಳೋಣ.