ಮೀನು ಬದುಕಿದೆ, ನದಿ ಬದುಕಿತೇ?

ಅಟ್ಲಾಂಟಿಕ್ ಟಾಮ್‌ಕಾಡ್ ಕಾಡ್ ಮೀನಿನ ಕುಟುಂಬದ ಚಿಕ್ಕ ಜೀವಿ. ಉದ್ದ ಒಂದು ಅಡಿ ಮೀರುವುದು ಅಪರೂಪ. ಗದ್ದದ ಕೆಳಗೆ ಒಂದು ಪುಟ್ಟ ಮೀಸೆ. ಉತ್ತರ ಅಮೆರಿಕದ ಪೂರ್ವ ಕರಾವಳಿಯ ಅಳಿವೆಗಳಲ್ಲಿ ವಾಸಿಸುವ ಇದು, ಉಳಿದ ಮೀನುಗಳು ಮುದುಡುವ ಕಡುಚಳಿಗಾಲದಲ್ಲೇ ಮೊಟ್ಟೆಯಿಡುತ್ತದೆ.

ನ್ಯೂಯಾರ್ಕ್‌ನ ಹಡ್ಸನ್ ನದಿಗೆ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎರಡು ಕಾರ್ಖಾನೆಗಳು 1947ರಿಂದ ಸುಮಾರು ಮೂರು ದಶಕ ಪಿಸಿಬಿ ಎಂಬ ವಿಷ ರಾಸಾಯನಿಕವನ್ನು ಹರಿಯಬಿಟ್ಟವು. ನದಿಯ ತಳದಲ್ಲೇ ಮೇಯುವ ಟಾಮ್‌ಕಾಡ್ ಮೈತುಂಬ ಆ ವಿಷ ಹೊತ್ತೂ ಅಳಿಯಲಿಲ್ಲ. ಕಾರಣವನ್ನು 2011ರಲ್ಲಿ ವಿಜ್ಞಾನಿಗಳು ಬಿಡಿಸಿಟ್ಟರು: ವಿಷ ಅಂಟಿಕೊಳ್ಳುವ ಪ್ರೋಟೀನಿನಲ್ಲಿ ಎರಡು ಅಮೈನೋ ಆಮ್ಲಗಳು ಇಲ್ಲವಾಗಿದ್ದವು. ಹೀಗಾಗಿ ವಿಷದ ಹಿಡಿತ ಸಡಿಲವಾಗಿತ್ತು. ಕೆಲವೇ ದಶಕಗಳಲ್ಲಿ ಈ ಬಗೆಯ ಮೀನುಗಳೇ ನದಿಯಲ್ಲಿ ಹೆಚ್ಚಿದ್ದವು.

ಇದನ್ನು ಪ್ರಕೃತಿಯ ಗೆಲುವೆಂದು ಸಂಭ್ರಮಿಸುವುದು ತಪ್ಪು. ವಿಷ ತಾಳಿಕೊಂಡ ಮೀನು ವಿಷವನ್ನು ಇಲ್ಲವಾಗಿಸುವುದಿಲ್ಲ. ತನ್ನನ್ನು ತಿನ್ನುವ ದೊಡ್ಡ ಮೀನಿಗೆ, ಅದರ ಮೂಲಕ ಮನುಷ್ಯನ ತಟ್ಟೆಗೆ ದಾಟಿಸುತ್ತದೆ. 2009ರಿಂದ 2015ರವರೆಗೆ ನದಿಯ ಕಲುಷಿತ ಹೂಳೆತ್ತಿದ ಮೇಲೂ ಅಲ್ಲಿನ ಮೀನು ತಿನ್ನುವ ಬಗ್ಗೆ ಸರ್ಕಾರಿ ಎಚ್ಚರಿಕೆ ಮುಂದುವರಿದಿದೆ.

ಎಲ್ಲ ಜೀವಿಗಳಿಗೂ ಇಂಥ ಅದೃಷ್ಟವಿಲ್ಲ. ನೀರಿನಲ್ಲಿ ಮೀನು ಕಂಡಿತೆಂದು ನದಿ ಶುದ್ಧವಾಗಿದೆ ಎಂದು ಷರಾ ಬರೆಯುವ ಅಧಿಕಾರ ಯಾವ ಆಡಳಿತಕ್ಕೂ ಇಲ್ಲ. ವಿಷವನ್ನು ಕಾರ್ಖಾನೆಯ ಬಾಗಿಲಲ್ಲೇ ತಡೆಯಬೇಕು. ಹರಿಬಿಟ್ಟವರಿಂದಲೇ ನದಿ ಶುಚಿಯ ವೆಚ್ಚವನ್ನು ವಸೂಲು ಮಾಡಬೇಕು.