ಓದುವಾಗಲೇ ದುಡೀಬೇಕಂತೆ!

ಮೊನ್ನೆ ರಾತ್ರಿ ಹನ್ನೊಂದಕ್ಕೆ ತಲಘಟ್ಟಪುರದ ನಮ್ಮ ಮನೆಗೆ ಬಿರಿಯಾನಿ ತಂದುಕೊಟ್ಟ ಹುಡುಗ, "ಅಣ್ಣ, ಇದೇ ಕೊನೇ ಆರ್ಡರ್, ನಾಳೆ ಇಂಟರ್ನಲ್ಸ್ ಇದೆ" ಅಂದ. ಆರನೇ ಸೆಮಿಸ್ಟರ್ ಅಂತೆ. (ಅಷ್ಟು ಹೊತ್ತಿಗೆ ಆರ್ಡರ್ ಮಾಡಿದ ಮಹಾನುಭಾವ ನಾನೇ, ಒಪ್ಪಿಕೊಳ್ತೀನಿ.)

ಆಫೀಸಿನಲ್ಲಿ ಹೇಳಿದರೆ ಹಿರಿಯರೊಬ್ಬರು, "ಒಳ್ಳೇದೇ ಬಿಡ್ರಿ, ಅಮೆರಿಕದಲ್ಲಿ ಹುಡುಗರೆಲ್ಲ ಹೀಗೇ. ದುಡ್ಡಿನ ಬೆಲೆ ಗೊತ್ತಾಗುತ್ತೆ" ಅಂದರು. ಅವರ ಮಗ ಕಾಲೇಜಿಗೆ ಹೋಗೋದು ಕಾರಿನಲ್ಲಿ!

ಅದೇ ಅಮೆರಿಕಕ್ಕೆ ಓದೋಕೆ ಹೋದ ನಮ್ಮ ಹುಡುಗರು ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯೋ ಹಾಗಿಲ್ಲ. ಅದೂ ಸಾಮಾನ್ಯವಾಗಿ ಕ್ಯಾಂಪಸ್ಸಿನ ಒಳಗೇ, ಲೈಬ್ರರಿಯಲ್ಲೋ ಲ್ಯಾಬಿನಲ್ಲೋ. ಇಲ್ಲಿ? ವಿಟಿಯು ಶೇ. 85 ಹಾಜರಾತಿ ಕೇಳುತ್ತೆ, ತಕ್ಕ ಕಾರಣವಿದ್ದರೆ ಹತ್ತು ಮನ್ನಾ. ಅಂದರೆ ಹಗಲೆಲ್ಲ ಕ್ಲಾಸು, ರಾತ್ರಿ ಕನಕಪುರ ರಸ್ತೆಯ ಲಾರಿಗಳ ನಡುವೆ ಬೈಕು. ನಿದ್ದೆಗೆ ಯಾವ ಸೆಮಿಸ್ಟರು?

ದುಡಿಯೋದೇ ತಪ್ಪು ಅಂತಿಲ್ಲ. ಫೀಸು ಕಟ್ಟಬೇಕಾದವನಿಗೆ ಬೇಡ ಅನ್ನೋಕೆ ನಾನ್ಯಾರು? ವಿಶ್ವೇಶ್ವರಯ್ಯನವರೂ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿದವರೇ, 1881ರಲ್ಲಿ ಬಿ.ಎ. ಮುಗಿಸಿದರು. ಆದರೆ ಪಾಠ ಹೇಳಿಕೊಡುವವನಿಗೆ ತನ್ನ ಪಾಠವೂ ಗಟ್ಟಿಯಾಗುತ್ತೆ ಸ್ವಾಮಿ, ಬಿರಿಯಾನಿ ಹೊತ್ತರೆ ಡೇಟಾ ಸ್ಟ್ರಕ್ಚರ್ಸ್ ಬರುತ್ತಾ?

ಲಕ್ಷಗಟ್ಟಲೆ ಫೀಸು ತಗೊಳ್ಳೋ ಕಾಲೇಜುಗಳು ಲೈಬ್ರರಿ, ಲ್ಯಾಬು, ಜೂನಿಯರ್‌ಗಳಿಗೆ ಗಣಿತ ಹೇಳಿಕೊಡೋ ಕೆಲಸವನ್ನ ಸಂಬಳ ಕೊಟ್ಟು ಇಂಥ ಹುಡುಗರಿಗೇ ಕೊಡಲಿ. ಅದೂ ಆಗಲ್ಲ ಅಂದ್ರೆ ಹಾಜರಾತಿ ಪುಸ್ತಕ ತೋರಿಸಿ ಹೆದರಿಸೋದನ್ನಾದರೂ ಬಿಡಲಿ.

ಅವನಿಗೆ ಐದು ಸ್ಟಾರ್ ಕೊಟ್ಟೆ. ಇಂಟರ್ನಲ್ಸ್‌ನಲ್ಲಿ ಎಷ್ಟು ಬಂತೋ.